ಊಟ ಆದ ಮೇಲೆ ಒಂದು

ಕೆಮ್ಮಿನ ಔಷಧಿಯ ದೊಡ್ಡ ಕ್ಯಾನನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಕಾಂಪೌಂಡರು ಅದರ ಬಾಯಿಂದ ಸಣ್ಣ ಬಾಟಲಿಗಳಿಗೆ ಬಗ್ಗಿಸುತ್ತಿದ್ದರು. ಒಂದು ಹನಿ ಆಚೆ ಬೀಳಲಿಲ್ಲ, ಒಂದು ಹನಿ ಈಚೆ ಬೀಳಲಿಲ್ಲ. ಈ ಕೆಲಸದಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ. ಇದ್ದರೂ ಅವರು ಒಪ್ಪುತ್ತಿರಲಿಲ್ಲ. ಬಾಟಲಿ ಅರ್ಧ ತುಂಬಿರುವಾಗ, ಗುಳಿಗೆಯ ಡಬ್ಬಕ್ಕೆ ಒರಗಿಸಿಟ್ಟಿದ್ದ ಮೊಬೈಲು ಮಾತಾಡಿತು.

ಮಾತಾಡಿದ್ದು ತರಬೇತಿ. ಜನಕ್ಕೆ ಮರೆಗುಳಿ ರೋಗ ಬಾರದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆಲ್ಲ ಮೇಲಿನ ಆಫೀಸಿನವರು ಆನ್‌ಲೈನಿನಲ್ಲೇ ಪಾಠ ಹೇಳಿಸುತ್ತಿದ್ದರು. ಡಾಕ್ಟರಮ್ಮ ಆಗಲೇ ಮುಗಿಸಿದ್ದರು. ನರ್ಸಮ್ಮ ಮುಗಿಸಿದ್ದಷ್ಟೇ ಅಲ್ಲ, ಪಾಠಗಳನ್ನು ಅಂಕಿ ಸಮೇತ ಬಾಯಿಪಾಠ ಮಾಡಿದ್ದರು. ಉಳಿದವರು ಕಾಂಪೌಂಡರು ಒಬ್ಬರೇ. ಅವರು ಉಳಿದದ್ದು ಸೋಮಾರಿತನದಿಂದಲ್ಲ, ಆತ್ಮವಿಶ್ವಾಸದಿಂದ.

"ಈ ಊರಿನ ಅಷ್ಟೂ ಜನರ ಮಾತ್ರೆ ನನ್ನ ತಲೇಲಿದೆ. ನನಗೇ ಮರೆವಿನ ಪಾಠ ಹೇಳ್ತಾರಂತೆ" ಎಂದು ಅವರು ಮನೆಯಲ್ಲೂ ಬೀದಿಯಲ್ಲೂ ಹೇಳಿಕೊಂಡು ತಿರುಗಿದ್ದರು.

ಪಾಠವೆಲ್ಲ ಮುಗಿದು ಕೊನೆಯದೊಂದು ಉಳಿದಿತ್ತು. ಯಾರಾದರೂ ಒಬ್ಬರ ಜ್ಞಾಪಕಶಕ್ತಿಯನ್ನು ತಪಾಸಣೆ ಮಾಡಿ ಕಳಿಸಬೇಕು. ಮೊಬೈಲು ಪ್ರಶ್ನೆ ಕೇಳುತ್ತದೆ, ಆಸಾಮಿ ಬಾಯಲ್ಲಿ ಉತ್ತರ ಹೇಳಬೇಕು, ಅದೇ ಕೇಳಿಸಿಕೊಂಡು ಅಂಕ ಹಾಕುತ್ತದೆ. ಆಸಾಮಿಯನ್ನು ಎಲ್ಲಿ ಹುಡುಕಿಕೊಂಡು ಹೋಗುವುದು? ಕಾಂಪೌಂಡರು ತಮ್ಮ ಹೆಸರನ್ನೇ ಹಾಕಿದರು. ಮನೆಯವರ ನಂಬರು ಎಂದಲ್ಲಿ ಹೆಂಡತಿಯ ನಂಬರು ಹಾಕಿದರು. ಆಮೇಲೆ ಎರಡು ಗುಂಡಿ ಬಂದವು: ಒಂದು 'ಅಭ್ಯಾಸಕ್ಕೆ', ಇನ್ನೊಂದು 'ನಿಜವಾದ ತಪಾಸಣೆ'.

ಕಾಂಪೌಂಡರಿಗೆ ಸಿಟ್ಟು ಬಂತು. ಅಭ್ಯಾಸ ಯಾರಿಗೆ? ತಲೆತುಂಬ ಕೂದಲಿದ್ದ ಕಾಲದಿಂದ ಇದೇ ಕಿಟಕಿಯಲ್ಲಿ ಕೂತವರಿಗೆ ಅಭ್ಯಾಸವೆ? ಔಷಧಿ ಮೆತ್ತಿದ ಬೆರಳಿನಿಂದ 'ನಿಜ'ವನ್ನೇ ಒತ್ತಿದರು. ಅಷ್ಟು ಹೊತ್ತಿಗೆ ಕಿಟಕಿಯಾಚೆ ಸಾಲು ಬೆಳೆದಿತ್ತು.

"ಇವತ್ತು ಯಾವ ವಾರ?" ಎಂದಿತು ಮೊಬೈಲು.

ಕಿಟಕಿಯೊಳಗೆ ಒಂದು ಕೈ ಚೀಟಿ ಚಾಚಿತು. "ಊಟ ಆದ ಮೇಲೆ ಒಂದು" ಎಂದರು ಕಾಂಪೌಂಡರು.

"ನೀವು ಈಗ ಎಲ್ಲಿದ್ದೀರಿ?"

"ನುಂಗಬಾರದು, ಚೀಪಬೇಕು."

"ನೂರರಲ್ಲಿ ಏಳು ಕಳೆದರೆ ಎಷ್ಟು?"

"ಚೆನ್ನಾಗಿ ಅಲ್ಲಾಡಿಸಿ."

"ನಾನು ಆಗಲೇ ಹೇಳಿದ ಪದಗಳನ್ನು ನೆನಪಿಸಿಕೊಂಡು ಹೇಳಿ."

"ಖಾಲಿ ಆಗಿದೆ. ಮುಂದಿನ ವಾರ ಬನ್ನಿ."

ಮೊಬೈಲು ಹಸಿರು ಬಣ್ಣದಲ್ಲಿ ಬರೆದು ತೋರಿಸಿತು: 'ಧನ್ಯವಾದ. ತಪಾಸಣೆ ಪೂರ್ಣಗೊಂಡಿದೆ. ವರದಿಯನ್ನು ಮನೆಯವರಿಗೂ ಮೇಲಾಧಿಕಾರಿಗೂ ಕಳಿಸಲಾಗಿದೆ.'

"ನೋಡಿದ್ರಾ?" ಎಂದು ಕಾಂಪೌಂಡರು ಸಾಲಿನಲ್ಲಿದ್ದವರಿಗೆಲ್ಲ ಪರದೆ ತಿರುಗಿಸಿ ತೋರಿಸಿದರು. "ಮೇಲಾಧಿಕಾರಿಗೇ ಹೋಯ್ತು."

ಸಂಜೆ ಅವರು ಮನೆಗೆ ನಡೆದುಹೋದ ಠೀವಿಯನ್ನು ನೋಡಿದವರು ಇವರಿಗೆ ಬಡ್ತಿ ಸಿಕ್ಕಿತು ಎಂದುಕೊಂಡರು. ಮನೆಯಲ್ಲೂ ಮರ್ಯಾದೆ ಒಂದು ಕೈ ಹೆಚ್ಚಾಗಿಯೇ ಕಾದಿತ್ತು. ಹೆಂಡತಿ ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡಳು. ಮದುವೆಯಾದ ಹೊಸದರಲ್ಲೂ ಆಕೆ ಹೀಗೆ ಕೈ ಹಿಡಿದಿರಲಿಲ್ಲ. ಚಪ್ಪಲಿಯನ್ನು ಅವಳೇ ಬಿಚ್ಚಿಸಿದಳು.

"ಸುದ್ದಿ ಬಂತಾ?" ಎಂದರು ಕಾಂಪೌಂಡರು ನಾಚಿಕೊಂಡು.

"ಬಂತು ಕಣ್ರೀ" ಎಂದು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟೊಂದು ಆನಂದಬಾಷ್ಪ ಬೇಕಾಗಿರಲಿಲ್ಲ ಎಂದುಕೊಂಡರು ಕಾಂಪೌಂಡರು.

ಒಳಗೆ ಹೋದರೆ ಬಚ್ಚಲಿನ ಬಾಗಿಲಿಗೆ 'ಬಚ್ಚಲು' ಎಂದು ಕಾಗದ ಅಂಟಿಸಿತ್ತು. ಅಡುಗೆಮನೆಗೆ 'ಅಡುಗೆಮನೆ'. ಕನ್ನಡಿಗೆ 'ಇದು ನೀವೇ'. ಗೋಡೆಗೊರಗಿ ಕೂತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ತಮ್ಮ ಎದೆ ಮುಟ್ಟಿಕೊಂಡು ಒಂದೊಂದೇ ಪದ ಬಿಡಿಸಿ ಹೇಳಿದರು:

"ಅಳಿಯಂದ್ರೆ, ನಾನು, ನಿಮ್ಮ, ಅತ್ತೆ."

"ಅದು ಗೊತ್ತಿದ್ದೇ ಇಷ್ಟು ವರ್ಷ ಒದ್ದಾಡ್ತಿದೀನಿ" ಎಂದು ಕಾಂಪೌಂಡರು ನಕ್ಕರು. ಯಾರೂ ನಗಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಡ್ರಿಲ್ ಮೇಷ್ಟರು ಬಂದರು. ಶಾಲೆಯಿಂದ ನಿವೃತ್ತರಾದರೂ ಸೀಟಿ ಮಾತ್ರ ಇನ್ನೂ ಕೊರಳಲ್ಲೇ ಇತ್ತು. ಅವರು ನೆಟ್ಟಗೆ ನಿಂತು, "ನಾನ್ಯಾರು ಹೇಳಿ ನೋಡೋಣ?" ಎಂದರು.

ಕಾಂಪೌಂಡರು ಒಳ್ಳೆಯ ಲಹರಿಯಲ್ಲಿದ್ದರು. "ಯಾರೋ ಗೊತ್ತಿಲ್ಲಪ್ಪ. ಈ ಮುಖ ನಾನು ನೋಡೇ ಇಲ್ಲ" ಎಂದು ಕಣ್ಣು ಮಿಟುಕಿಸಿದರು.

ಹೆಂಡತಿ ಗೊಳೋ ಎಂದಳು. ಮೇಷ್ಟರು ಸೀಟಿಯನ್ನು ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ಕಣ್ಣೂ ಅದುರ್ತಿದೆ" ಎಂದು ಅತ್ತೆಗೆ ಹೇಳಿದರು.

ಹೆಂಡತಿಯ ಮೊಬೈಲಿಗೆ ಬಂದಿದ್ದ ವರದಿಯನ್ನು ಕಾಂಪೌಂಡರು ಓದಿದ್ದು ಆಗಲೇ. 'ಈ ವ್ಯಕ್ತಿಗೆ ವಾರ, ಸ್ಥಳ, ಲೆಕ್ಕ ಯಾವುದೂ ನೆನಪಿರುವಂತೆ ಕಾಣುವುದಿಲ್ಲ. ದಯವಿಟ್ಟು ಒಬ್ಬರನ್ನೇ ಬಿಡಬೇಡಿ. ಪ್ರೀತಿಯಿಂದ ಮಾತಾಡಿಸಿ.'

"ಪ್ರೀತಿಯಿಂದ ಮಾತಾಡಿಸಿ ಅಂತ ಮೊಬೈಲು ಹೇಳಬೇಕಾಯ್ತಾ?" ಎಂದರು ಕಾಂಪೌಂಡರು. ತಾವು ಕಿಟಕಿಯಲ್ಲಿ ಕೂತು ರೋಗಿಗಳಿಗೆ ಉತ್ತರ ಹೇಳುತ್ತಿದ್ದುದನ್ನು ಮೊಬೈಲು ತನಗೇ ಹೇಳಿದ್ದು ಎಂದುಕೊಂಡಿದೆ, ಅಷ್ಟೇ ವಿಷಯ, ಎಂದು ವಿವರಿಸಿದರು. ಎಲ್ಲರೂ ಪ್ರೀತಿಯಿಂದ ಕೇಳಿಸಿಕೊಂಡರು. ಪ್ರೀತಿಯಿಂದಲೇ ಯಾರೂ ನಂಬಲಿಲ್ಲ.

ಮರುದಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಅವರ ಕಿಟಕಿಯಲ್ಲಿ ನರ್ಸಮ್ಮ ಕೂತಿದ್ದರು. ನರ್ಸಮ್ಮನ ಗಂಟಲಿಗೆ ಧ್ವನಿವರ್ಧಕ ಬೇಡ. ಯಾರಿಗೆ ಯಾವ ಮಾತ್ರೆ ಎಂಬುದು ಬೀದಿಯ ಕೊನೆಯ ಅಂಗಡಿಗೂ ತಿಳಿಯುತ್ತಿತ್ತು.

"ಏಳಿ ಸಿಸ್ಟರ್, ಅದು ನನ್ನ ಜಾಗ" ಎಂದರು ಕಾಂಪೌಂಡರು.

"ಮೇಲಿನ ಆಫೀಸಿಂದ ಸಾಹೇಬ್ರು ಫೋನ್ ಮಾಡಿದ್ರು. ನಿಮ್ಮ ತಲೆ ಸರಿಯಾಗಿದೆ ಅಂತ ಡಾಕ್ಟರಮ್ಮನ ಪತ್ರ ಹೋಗೋ ತನಕ ನೀವು ಔಷಧಿ ಮುಟ್ಟೋ ಹಾಗಿಲ್ಲ."

"ನನಗೇನೂ ಆಗಿಲ್ಲ."

"ಐದನೇ ಪಾಠ" ಎಂದರು ನರ್ಸಮ್ಮ ಮರುಕದಿಂದ. "ರೋಗಿ ತನಗೇನೂ ಆಗಿಲ್ಲ ಅಂತಾನೆ."

"ರೀ, ಸುಮ್ನೆ ಏಳ್ತೀರೋ ಇಲ್ವೋ?"

"ಆರನೇ ಪಾಠ. ಇದ್ದಕ್ಕಿದ್ದ ಹಾಗೆ ರೇಗ್ತಾನೆ."

ಕಾಂಪೌಂಡರು ರೇಗದೆ, ಬಾಯಿ ಬಿಡದೆ, ಕಂಬದ ಹಾಗೆ ನಿಂತುಬಿಟ್ಟರು.

"ಏಳನೇದು" ಎಂದರು ನರ್ಸಮ್ಮ. "ಮೌನವಾಗಿ ಒಂದೇ ಕಡೆ ನಿಲ್ತಾನೆ."

ಹೀಗೆ ಏನು ಮಾಡಿದರೂ ಒಂದೊಂದು ಪಾಠದೊಳಗೆ ಹೋಗಿ ಬೀಳುತ್ತಿದ್ದ ಕಾಂಪೌಂಡರು ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ನುಗ್ಗಿದರು. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೆಲುದನಿಯವರು. ಅವರು ಮಾತಾಡುವಾಗ ಕಾಂಪೌಂಡರು ಯಾವಾಗಲೂ ಅವರ ತುಟಿಯನ್ನೇ ನೋಡುತ್ತ ತಲೆಯಾಡಿಸುತ್ತಿದ್ದರು. ಎಂಥ ವಿನಯವಂತ ಮನುಷ್ಯ ಎಂದು ಡಾಕ್ಟರಮ್ಮ ಅಂದುಕೊಂಡಿದ್ದರು.

"ಅಮ್ಮಾ, ಆ ಮೊಬೈಲಿನಲ್ಲಿ ನಿನ್ನೆಯ ಮಾತೆಲ್ಲ ರೆಕಾರ್ಡ್ ಆಗಿರುತ್ತೆ. ಹಾಕಿ ಕೇಳಿ. ನಾನು ರೋಗಿಗಳ ಪ್ರಶ್ನೆಗೆ ಉತ್ತರ ಕೊಟ್ಟಿದ್ದೋ ಅಲ್ವೋ ನೀವೇ ಹೇಳಿ. ದೊಡ್ಡದಾಗಿ ಹಾಕಿ, ಎಲ್ಲರೂ ಕೇಳಲಿ."

ಡಾಕ್ಟರಮ್ಮ ದೊಡ್ಡದಾಗಿ ಹಾಕಿದರು. ನರ್ಸಮ್ಮ ಬಾಗಿಲಿಗೆ ಬಂದು ನಿಂತರು. ಅವರ ಬೆನ್ನ ಹಿಂದೆ ಸಾಲಿನಲ್ಲಿದ್ದವರೂ ನಿಂತರು.

ಮೊದಲು ಒಂದು ಗಂಡು ದನಿ: "ಸಾರ್, ಈ ಮುಲಾಮು ಎಲ್ಲಿಗೆ ಹಚ್ಚೋದು?"

ಕಾಂಪೌಂಡರ ದನಿ, ಸ್ಪಷ್ಟವಾಗಿ, ಗಂಭೀರವಾಗಿ: "ಊಟ ಆದ ಮೇಲೆ ಒಂದು."

ಹೆಣ್ಣು ದನಿ: "ಕಣ್ಣಿಗೆ ಎಷ್ಟು ಹನಿ ಹಾಕ್ಲಿ ಅಣ್ಣಾ?"

"ನುಂಗಬಾರದು, ಚೀಪಬೇಕು."

"ಡಾಕ್ಟರಮ್ಮ ಇದ್ದಾರಾ?"

"ಚೆನ್ನಾಗಿ ಅಲ್ಲಾಡಿಸಿ."

"ನಿಮ್ಮನೇಲಿ ಅಕ್ಕಾವ್ರು ಹುಷಾರಾಗಿದಾರಾ?"

"ಖಾಲಿ ಆಗಿದೆ. ಮುಂದಿನ ವಾರ ಬನ್ನಿ."

ಡಾಕ್ಟರಮ್ಮ ಮೇಜಿನ ಕೆಳಗೆ ಏನೋ ಬೀಳಿಸಿಕೊಂಡವರ ಹಾಗೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವರ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಪ್ರತಿ ಪೊಟ್ಟಣದ ಮೇಲೂ ಎಷ್ಟು, ಹೇಗೆ ಎಂದು ಮೊದಲೇ ಬರೆದಿಡುವ ನರ್ಸಮ್ಮನ ಪುಣ್ಯದಿಂದ ಯಾರೂ ಮುಲಾಮು ತಿಂದಿರಲಿಲ್ಲ.

ಡಾಕ್ಟರಮ್ಮ ಬಾಗಿಲಲ್ಲಿದ್ದವರನ್ನೆಲ್ಲ ಕಳಿಸಿ ಕದ ಮುಚ್ಚಿದರು. "ಇವರೆ" ಎಂದರು. ಕಾಗದವೊಂದನ್ನು ಬಾಯಿಗೆ ಅಡ್ಡ ಹಿಡಿದು, ತುಟಿ ಕಾಣದ ಹಾಗೆ, ಏನೋ ಕೇಳಿದರು.

"ಹೌದಮ್ಮ, ಖಂಡಿತ" ಎಂದು ಕಾಂಪೌಂಡರು ತಲೆಯಾಡಿಸಿದರು.

ಡಾಕ್ಟರಮ್ಮ ಕಾಗದ ಇಳಿಸಿದರು. "ನಾನು ಕೇಳಿದ್ದು, ನಿಮಗೆ ಎಷ್ಟು ದಿನದಿಂದ ಕಿವಿ ಕೇಳಿಸ್ತಿಲ್ಲ ಅಂತ."

ಕೋಣೆ ನಿಶ್ಶಬ್ದವಾಯಿತು. ಕಾಂಪೌಂಡರಿಗಂತೂ ಮೊದಲಿನಿಂದಲೇ ನಿಶ್ಶಬ್ದವಾಗಿತ್ತು.

ಡಾಕ್ಟರಮ್ಮ ಅಲ್ಲೇ ಪತ್ರ ಬರೆದರು. ನಿಮ್ಮ ತಲೆಗೆ ಏನೂ ಆಗಿಲ್ಲ, ಈ ಪತ್ರ ಹೋದರೆ ನೀವು ಕಿಟಕಿಯಲ್ಲಿ ಕೂರಬಹುದು ಎಂದು ಅವರ ಕಡೆ ತಿರುಗಿಸಿದರು. ಕಾಂಪೌಂಡರು ಓದಿದರು. 'ಇವರ ಜ್ಞಾಪಕಶಕ್ತಿ ಚೆನ್ನಾಗಿದೆ. ಕಿವಿ ಕೇಳಿಸದಿದ್ದುದರಿಂದ ಉತ್ತರಗಳು ತಪ್ಪಾಗಿವೆ. ಕಿವಿಗೆ ಚಿಕಿತ್ಸೆ ನಡೆದಿದೆ.'

"ಮೊದಲನೇ ವಾಕ್ಯ ಇರಲಿ" ಎಂದರು ಕಾಂಪೌಂಡರು. "ಎರಡನೇದು ಹೊಡೆದು ಹಾಕಿ."

"ಅದಿಲ್ಲದೆ ಪತ್ರಕ್ಕೆ ಅರ್ಥವೇ ಇಲ್ಲ. ಉತ್ತರ ಯಾಕೆ ತಪ್ಪಾಯ್ತು ಅಂತ ಸಾಹೇಬ್ರು ಕೇಳಲ್ವಾ? ಕೆಳಗೆ ನಿಮ್ಮ ಸಹಿಯೂ ಬೇಕು. ಒಂದು ಪ್ರತಿ ನಮ್ಮ ನೋಟೀಸ್ ಬೋರ್ಡಿಗೂ ಹಾಕಬೇಕು, ಜನ ಧೈರ್ಯವಾಗಿ ಔಷಧಿ ತಗೊಳ್ಳೋಕೆ."

"ನೋಟೀಸ್ ಬೋರ್ಡಿಗಾ?" ಕಾಂಪೌಂಡರು ಕುರ್ಚಿ ಹಿಡಿದುಕೊಂಡರು. "ಅಮ್ಮಾ, ಬೇಕಿದ್ರೆ ಮರೆವು ಅಂತಲೇ ಬರೆದುಬಿಡಿ. ಮರೆವು ದೊಡ್ಡ ದೊಡ್ಡ ವಿದ್ವಾಂಸರಿಗೂ ಬಂದಿದೆ. ಕಿವುಡ ಅಂದ್ರೆ ಬೀದೀಲಿ ಮಕ್ಕಳು ಕೂಡ ಕೂಗಿ ಆಡಿಸ್ತಾರೆ."

"ಕಿವಿ ಕೇಳಿಸದೇ ಇದ್ರೆ ಮನುಷ್ಯ ಮಾತಿಂದ ದೂರ ಹೋಗ್ತಾನೆ, ಮಾತಿಂದ ದೂರ ಹೋದ್ರೆ ತಲೆಗೆ ಕೆಲಸ ಕಡಿಮೆ ಆಗುತ್ತೆ, ಮರೆವಿಗೆ ಅದೂ ಒಂದು ದಾರಿ. ನಿಮ್ಮ ಪಾಠದಲ್ಲೇ ಇತ್ತಲ್ಲ?"

"ಇತ್ತೇನೋ" ಎಂದರು ಕಾಂಪೌಂಡರು. "ಕೇಳಿಸಲಿಲ್ಲ."

ಆದರೂ ಸಹಿ ಮಾಡಲಿಲ್ಲ. ಪತ್ರ ಡಾಕ್ಟರಮ್ಮನ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಮಲಗಿತು. ರಕ್ತದ ಸ್ಯಾಂಪಲ್ಲು, ಟಪಾಲು ಎಲ್ಲ ಒಯ್ಯುವ ಮೇಲಿನ ಆಫೀಸಿನ ವ್ಯಾನು ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಪತ್ರ ಮಲಗಿಯೇ ಇತ್ತು.

ಕಿಟಕಿಯಿಲ್ಲದ ಕಾಂಪೌಂಡರನ್ನು ಮನೆಯವರು ರಿಪೇರಿಗೆ ತೆಗೆದುಕೊಂಡರು. ಬೆಳಗಾದರೆ ಡ್ರಿಲ್ ಮೇಷ್ಟರು ಸೀಟಿ ಊದಿ ಅವರನ್ನು ಬೀದಿಯ ಉದ್ದಕ್ಕೂ ನಡೆಸಿದರು. ಕೇಂದ್ರದಲ್ಲಿ ರಕ್ತದೊತ್ತಡ ನೋಡಿದರು, ಸಕ್ಕರೆ ನೋಡಿದರು. ಊಟದಲ್ಲಿ ಉಪ್ಪು ಕಡಿಮೆಯಾಯಿತು. ಒಂಟಿಯಾಗಿರಬಾರದೆಂದು ಅತ್ತೆ ಅವರ ಎದುರಿಗೇ ಕೂತು ಇಡೀ ದಿನ ತುಟಿ ಆಡಿಸಿದರು. ಕಾಂಪೌಂಡರು ಎಲ್ಲದಕ್ಕೂ ತಲೆಯಾಡಿಸಿದರು. ಅತ್ತೆ ಮಿತಭಾಷಿ, ಇದ್ದರೆ ಇಂಥ ಅತ್ತೆ ಇರಬೇಕು ಎಂಬುದು ಅವರ ಬಹುಕಾಲದ ಅಭಿಪ್ರಾಯವಾಗಿತ್ತು.

ಕಿವಿಗೆ ಮಾತ್ರ ಯಾರಿಗೂ ಕಾಣದ ಹಾಗೆ ಚಿಕಿತ್ಸೆ ಮಾಡಿಸಿಕೊಳ್ಳಲು ಒಪ್ಪಿದರು. ಕೆಲವು ದಿನ ಹನಿ ಬಿಟ್ಟುಕೊಂಡರು. ಆಮೇಲೆ ಒಂದು ಬೆಳಿಗ್ಗೆ, ಸಾಲು ಶುರುವಾಗುವ ಮುಂಚೆ, ಯಾರಿಗೂ ಹೇಳುವುದಿಲ್ಲವೆಂದು ಡಾಕ್ಟರಮ್ಮನಿಗೆ ಮಾತು ಕೊಟ್ಟಿದ್ದ ನರ್ಸಮ್ಮ ಅವರ ಕತ್ತಿನ ಕೆಳಗೆ ಬೇಸಿನ್ ಹಿಡಿಸಿ, ಬೆಚ್ಚಗಿನ ನೀರಿನ ಪಿಚಕಾರಿ ಬಿಟ್ಟರು. ಎಡಗಿವಿಯಿಂದ ಬಂದದ್ದನ್ನು ನೋಡಿ ನರ್ಸಮ್ಮ, "ಇದಕ್ಕೊಂದು ಹೆಸರಿಡಬಹುದು" ಎಂದರು. ಬಲಗಿವಿಯದು ಅದರ ಅಣ್ಣ.

ಕಾಂಪೌಂಡರು ತಲೆ ಎತ್ತಿದರು. ಫ್ಯಾನು ಕಿರುಗುಟ್ಟುತ್ತಿತ್ತು. ಅದು ತಿರುಗುತ್ತದೆ ಎಂದು ಗೊತ್ತಿತ್ತು, ಅಳುತ್ತದೆ ಎಂದು ಗೊತ್ತಿರಲಿಲ್ಲ. ತಮ್ಮ ಚಪ್ಪಲಿ ನಡೆದಾಗಲೆಲ್ಲ ಗೊಣಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಹೋದಾಗ ಅತ್ತೆ ಎಂದಿನ ಹಾಗೆ ಮೆಲ್ಲಗೆ ತುಟಿ ಆಡಿಸುತ್ತಿದ್ದರು:

"ತಿನ್ನೋದು ನೋಡು, ರೋಡಿಗೆ ಜಲ್ಲಿ ಹಾಕೋ ಹಾಗೆ. ನನ್ನ ಮಗಳ ಹಣೆಬರಹ. ಇವತ್ತಾದ್ರೂ ತಟ್ಟೆ ಎತ್ತಿ ಇಡುತ್ತೇನೋ ನೋಡೋಣ ಪ್ರಾಣಿ."

ಕಾಂಪೌಂಡರು ಬೆಚ್ಚಿಬಿದ್ದು ಸುತ್ತಲೂ ನೋಡಿದರು. ಆಮೇಲೆ ಎದ್ದು, ತಟ್ಟೆ ಎತ್ತಿಟ್ಟು, ತೊಳೆದೂ ಇಟ್ಟರು. ಅತ್ತೆ ಗೋಡೆಗೆ ಒರಗಿ ಮಗಳನ್ನು ಕೂಗಿದರು. "ಬಾರೇ ಇಲ್ಲಿ. ಇವರಿಗೆ ಜಾಸ್ತಿ ಆಗಿದೆ."

ಅದೇ ಮಧ್ಯಾಹ್ನ ಕಾಂಪೌಂಡರು ಆರೋಗ್ಯ ಕೇಂದ್ರದ ಜಗುಲಿಯ ಬೆಂಚಿನ ಮೇಲೆ ಕೂತು ತಮ್ಮ ಕಿಟಕಿಯನ್ನು ಹೊರಗಿನಿಂದ ನೋಡುತ್ತಿದ್ದರು. ಒಳಗಿನಿಂದ ನೋಡುವಾಗ ಅದು ಇಷ್ಟು ಚಿಕ್ಕದಿರಲಿಲ್ಲ. ಪಕ್ಕದಲ್ಲಿ ಕಾಜಾ ಅಜ್ಜಿ ಬಂದು ಕೂತರು. ದರ್ಜಿ ಅಂಗಡಿಗಳ ಅಂಗಿಗೆಲ್ಲ ಗುಂಡಿಯ ಕಾಜಾ ಹೊಲಿದುಕೊಡುವ ಮುದುಕಿ, ಯಾವಾಗಲೂ ಪಿಸುಮಾತು.

"ಏನಪ್ಪಾ, ಒಳಗಿಲ್ವಲ್ಲ ನೀನು. ನಾನು ಹೇಳ್ತಾ ಇದ್ನಲ್ಲ, ಅದು ಈಗ ಜಾಸ್ತಿ ಆಗಿದೆ."

ಕಾಂಪೌಂಡರ ಬಾಯಿಗೆ ಅಭ್ಯಾಸದಂತೆ 'ಊಟ ಆದ ಮೇಲೆ' ಬಂದೇಬಿಟ್ಟಿತ್ತು. ನುಂಗಿಕೊಂಡರು. "ಯಾವುದು ಅಜ್ಜಿ?"

"ಅದೇ, ದಾರಿ. ಮೊನ್ನೆ ಅಂಗಡಿಯಿಂದ ಮನೆಗೆ ಹೊರಟವಳಿಗೆ ತಿರುವೇ ಗೊತ್ತಾಗಲಿಲ್ಲ. ನಿಂತೇಬಿಟ್ಟೆ. ನಿನ್ನೆ ಕಾಜಾ ಹೊಲಿದ ಕಡೆಯೇ ಮತ್ತೆ ಕತ್ತರಿಸಿ ಕೂತಿದ್ದೆ. ಮನೇಲಿ ಹೇಳಿಲ್ಲ, ಕೆಲಸ ಬಿಡಿಸಿಬಿಡ್ತಾರೆ. ನಿನ್ನೊಬ್ಬನಿಗೇ ಹೇಳಿರೋದು. ಎಷ್ಟು ಸಲ ಹೇಳಿದ್ರೂ ನೀನು ಒಬ್ಬರ ಹತ್ರಾನೂ ಬಾಯಿ ಬಿಟ್ಟಿಲ್ಲ. ದೊಡ್ಡ ಗುಣ ಕಣಪ್ಪ."

ಕಾಂಪೌಂಡರು ಬೆಂಚಿನ ಮೇಲೆ ಅಜ್ಜಿಯ ಕಡೆಗೆ ತಿರುಗಿ ಕೂತರು.

"ನಾನೊಬ್ಬಳೇ ಅಲ್ಲ. ಊರಲ್ಲಿ ಯಾರಿಗೆ ಏನು ಸಂಕಟ ಇದ್ರೂ ಕಾಂಪೌಂಡರ ಕಿಟಕೀಲಿ ಹೇಳು, ಬಾವಿಗೆ ಹಾಕಿದ ಹಾಗೆ, ಅಂತಾರೆ. ಆ ಮಾಂಸದಂಗಡಿಯವನು ನಿನ್ನ ಹತ್ರ ಅತ್ತಿದ್ನಂತೆ. ನೀನು ಅವನ ಕೈಗೆ ಒಂದು ಮಾತ್ರೆ ಇಟ್ಟು ಎಷ್ಟು ಸಮಾಧಾನ ಹೇಳಿದೆ ಅಂತ ಇವತ್ತಿಗೂ ನೆನೀತಾನೆ."

ಮಾಂಸದಂಗಡಿಯವನು ಶೀತ ಎಂದು ಬಂದಿದ್ದಾನೆ, ಅದಕ್ಕೇ ಮೂಗೊರೆಸುತ್ತಿದ್ದಾನೆ ಎಂದು ಕಾಂಪೌಂಡರು ಅಂದುಕೊಂಡಿದ್ದರು. ಊರಿನಲ್ಲಿ ಜನ ತಮ್ಮನ್ನು ಕಂಡರೆ ಎದ್ದು ನಿಲ್ಲುತ್ತಿದ್ದುದು ಔಷಧಿ ಬಗ್ಗಿಸುವ ಕೈಗಾಗಿ ಎಂದು ತಿಳಿದಿದ್ದರು. ಈಗ ಗೊತ್ತಾಯಿತು, ಅದು ಕಿವಿಗಾಗಿ. ಆ ಎರಡನೆಯ ವಾಕ್ಯ ನೋಟೀಸ್ ಬೋರ್ಡಿಗೆ ಏರಿದರೆ ಊರಿಗೆ ಊರೇ ಬಾವಿಯೊಳಗೆ ಬಗ್ಗಿ ನೋಡುತ್ತದೆ, ಒಳಗೆ ಏನೂ ಇರುವುದಿಲ್ಲ.

"ಅಜ್ಜಿ, ಒಳಗೆ ಡಾಕ್ಟರಮ್ಮನ ಹತ್ರ ಹೋಗೋಣ ಬನ್ನಿ. ಬೇಗ ನೋಡಿದ್ರೆ ಮಾಡೋಕೆ ಎಷ್ಟೋ ಇದೆ. ಒಂದೊಂದ್ಸಲ ರಕ್ತದಲ್ಲಿ ಏನೋ ಕಡಿಮೆ ಆಗಿರುತ್ತೆ, ಅಷ್ಟೆ."

"ಬೇಡಪ್ಪ. ಆ ನರ್ಸಮ್ಮ 'ಅಜ್ಜಿಗೆ ಮರೆವು' ಅಂತ ಒಂದು ಸಲ ಅಂದ್ರೆ ಸಾಕು, ಸಾಯಂಕಾಲದೊಳಗೆ ಅಷ್ಟೂ ದರ್ಜಿಗಳು ಬಟ್ಟೆ ವಾಪಸ್ ತಗೊಂಡು ಹೋಗ್ತಾರೆ. ನೀನು ಕಿಟಕಿಗೆ ಬಂದ ಮೇಲೆ ಅದೇನು ಪರೀಕ್ಷೆಯೋ ನೀನೇ ಮಾಡು. ನಿನಗಾದ್ರೆ ಹೇಳ್ತೀನಿ."

ಹೊರಗೆ ವ್ಯಾನು ಬಂದು ನಿಂತ ಸದ್ದು ಕೇಳಿಸಿತು. ಕಾಂಪೌಂಡರು ಗಂಟಲು ಸರಿಮಾಡಿಕೊಂಡರು. ಹೇಳದೆ ಇದ್ದುಬಿಡಬಹುದಿತ್ತು. ಅಜ್ಜಿ ಅದನ್ನು ಎಂದಿಗೂ ಕಂಡುಹಿಡಿಯುತ್ತಿರಲಿಲ್ಲ.

"ಅಜ್ಜಿ, ನೀವು ಇಷ್ಟು ದಿನ ಹೇಳಿದ್ದು ನನಗೆ ಒಂದಕ್ಷರಾನೂ ಕೇಳಿಸಿಲ್ಲ. ಕಿವಿ ಕಟ್ಟಿಹೋಗಿತ್ತು. ಸುಮ್ನೆ ತಲೆ ಆಡಿಸ್ತಿದ್ದೆ."

ಅಜ್ಜಿ ಅವರ ಮುಖವನ್ನೇ ನೋಡಿದರು.

"ಒಂದಕ್ಷರಾನೂ?"

"ಒಂದಕ್ಷರಾನೂ."

"ನನ್ನ ಸೊಸೆ ವಿಚಾರ ಹೇಳಿದ್ದು?"

"ಇಲ್ಲ."

"ನಾನು ಕೋಪದಲ್ಲಿ ಏನೇನೋ ಅಂದಿದ್ದೆ."

"ಅದೂ ಇಲ್ಲ ಅಜ್ಜಿ."

ಅಜ್ಜಿ ನಿಟ್ಟುಸಿರು ಬಿಟ್ಟರು. "ಒಳ್ಳೇದಾಯ್ತು ಬಿಡು. ಅವಳು ಅಷ್ಟೇನೂ ಕೆಟ್ಟವಳಲ್ಲ." ಆಮೇಲೆ, "ಇವತ್ತಿಂದು ಕೇಳಿಸ್ತಾ?" ಎಂದರು.

"ಎಲ್ಲ ಕೇಳಿಸ್ತು. ತಿರುವು, ಕಾಜಾ, ಎಲ್ಲ."

"ಹಾಗಾದ್ರೆ ಮತ್ತೆ ಮೊದಲಿಂದ ಹೇಳೋ ಕಷ್ಟ ಇಲ್ಲ" ಎಂದು ಅಜ್ಜಿ ಚೀಲ ಸರಿಪಡಿಸಿಕೊಂಡು ಗಟ್ಟಿಯಾಗಿ ಕೂತರು. "ಎದ್ದು ಹೋಗು, ಕಿಟಕಿಗೆ. ನಾನು ಇಲ್ಲೇ ಇರ್ತೀನಿ."

ಕಾಂಪೌಂಡರು ಡಾಕ್ಟರಮ್ಮನ ಕೋಣೆಗೆ ಹೋಗಿ ಗಾಜಿನ ಗುಂಡು ಎತ್ತಿದರು. ನಿಂತ ನಿಲುವಿನಲ್ಲೇ ಸಹಿ ಹಾಕಿದರು. ಎಷ್ಟು ದೊಡ್ಡ ಸಹಿ ಎಂದರೆ ಅದರ ಬಾಲ ಆ ಎರಡನೆಯ ವಾಕ್ಯದ ತನಕ ಹೋಗಿತ್ತು, ಆದರೆ ಅದನ್ನು ಹೊಡೆದು ಹಾಕಿರಲಿಲ್ಲ.

"ಪ್ರತಿ ನೋಟೀಸ್ ಬೋರ್ಡಿಗೆ ಹಾಕ್ಬೇಕಲ್ಲ?" ಎಂದರು ಡಾಕ್ಟರಮ್ಮ.

"ಎತ್ತರದಲ್ಲಿ ಹಾಕಿ. ಮಕ್ಕಳಿಗೆ ಕಾಣದ ಹಾಗೆ" ಎಂದರು ಕಾಂಪೌಂಡರು. "ಅಮ್ಮಾ, ಹೊರಗೆ ಒಬ್ಬರು ಕೂತಿದ್ದಾರೆ. ಸಾಹೇಬರಿಗೆ ಈಗಲೇ ಒಂದು ಫೋನ್ ಮಾಡಿ, ಪತ್ರ ಹೊರಟಿದೆ, ಇವನನ್ನು ಕಿಟಕೀಲಿ ಕೂರಿಸ್ತಾ ಇದೀನಿ ಅಂತ."

ಡಾಕ್ಟರಮ್ಮ ಫೋನ್ ಎತ್ತಿಕೊಂಡರು. ಕಾಂಪೌಂಡರು ಲಕೋಟೆಗೆ ಗೋಂದು ಹಚ್ಚಿ, ಅಂಗೈಯಿಂದ ಒತ್ತಿ, ಹೊರಗೆ ಓಡಿದರು. ವ್ಯಾನು ಆಗಲೇ ಗೇಟು ದಾಟುತ್ತಿತ್ತು. ಡ್ರಿಲ್ ಮೇಷ್ಟರು ನಡೆಸಿದ ನಡಿಗೆ ಪ್ರಯೋಜನಕ್ಕೆ ಬಂತು. ತಿರುವಿನಲ್ಲಿ ಅದನ್ನು ಹಿಡಿದು, ಕಿಟಕಿಯೊಳಗೆ ಲಕೋಟೆ ಚಾಚಿದರು. ಬಂದಾಗಲೆಲ್ಲ ಆ ಪತ್ರ ಕೇಳಿ ಬರಿಗೈಯಲ್ಲಿ ಹೋಗಿದ್ದ ಡ್ರೈವರು ಅದನ್ನು ತಿರುಗಿಸಿ ನೋಡಿ, ರಕ್ತದ ಬಾಟಲಿಗಳ ಪೆಟ್ಟಿಗೆಯ ಮೇಲೆ ಇಟ್ಟುಕೊಂಡು, ಮೀಸೆಯೊಳಗೇ ಗೊಣಗಿದ:

"ಇಷ್ಟು ದಿನ ಈ ಕಾಗದಾನ ಕಾವಿಗೆ ಕೂರಿಸಿದ್ದ ಅಂತ ಕಾಣುತ್ತೆ ಮುದುಕ."

"ಮರಿ ಆಯ್ತು ಕಣಯ್ಯ" ಎಂದರು ಕಾಂಪೌಂಡರು. "ಹುಷಾರಾಗಿ ತಗೊಂಡು ಹೋಗು."